ಹಿತ್ತಾಳೆಯ ಶುಚೀಕರಣ

ಹಿತ್ತಾಳೆಯ ಶುಚೀಕರಣವೆಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹವಾದ ಹಿತ್ತಾಳೆಯ ಮೇಲೆ ಕೂಡಿಕೊಂಡ ಜಿಡ್ಡು, ಮಸಿ, ಕಪ್ಪು ಮತ್ತು ಕಿಲುಬನ್ನು ತೆಗೆದು, ಆ ವಸ್ತುವನ್ನು ಮತ್ತೆ ಬಳಕೆಗೆ ಯೋಗ್ಯವಾಗಿಸುವ ಕ್ರಿಯೆ. ಅಡುಗೆಮನೆಯ ತಪ್ಪಲೆ, ಪೂಜೆಯ ದೀಪ, ದೇವಾಲಯದ ಗಂಟೆ, ಪೊಲೀಸರ ನಡುಪಟ್ಟಿಯ ಬಿಲ್ಲೆ, ಬಂದೂಕಿನಿಂದ ಹಾರಿಸಿದ ಮೇಲೆ ಉಳಿಯುವ ಬರಿದಾದ ತೋಟಾಕೋಶ ಇವೆಲ್ಲವೂ ಹೆಚ್ಚುಕಡಿಮೆ ಒಂದೇ ಲೋಹದಿಂದ ಆದವು. ಬಳಕೆ ಬೇರೆಯಾದರೂ ಇವುಗಳನ್ನು ಕಪ್ಪಾಗಿಸುವ ಕಾರಣಗಳು ಒಂದೇ. ತಪ್ಪು ವಿಧಾನದಿಂದ ತೊಳೆದಾಗ ಇವು ಕೆಡುವ ಬಗೆಯೂ ಒಂದೇ.

ಕರ್ನಾಟಕದ ಮನೆಗಳಲ್ಲಿ ಹುಣಸೆಹಣ್ಣಿನಿಂದ ಹಿತ್ತಾಳೆಯನ್ನು ಉಜ್ಜುವ ರೂಢಿ ಬಹುಕಾಲದಿಂದ ಬಂದಿದೆ. ಕೆಲವು ವಿದೇಶಗಳಲ್ಲಿ ಬರಿದಾದ ತೋಟಾಕೋಶಗಳನ್ನು ಮನೆಯಲ್ಲಿಯೇ ಮರುತುಂಬುವ ಹವ್ಯಾಸಿಗಳು ಇದೇ ಉದ್ದೇಶಕ್ಕೆ ಸಿಟ್ರಿಕ್ ಆಮ್ಲವನ್ನು ಬಳಸುತ್ತಾರೆ. ಎರಡೂ ಕಡೆ ನಡೆಯುವುದು ಒಂದೇ ರಾಸಾಯನಿಕ ಕ್ರಿಯೆ. ಹೊಳಪು ಬರುವುದನ್ನೇ ಶುಚಿತ್ವದ ಗುರುತೆಂದು ತಿಳಿಯುವುದು ಎರಡೂ ಕಡೆಯ ಸಾಮಾನ್ಯ ತಪ್ಪು. ಥಳಥಳಿಸುವ ಪಾತ್ರೆಯಲ್ಲಿ ಹುಳಿಸಾರು ವಿಷವಾಗಬಹುದು. ಥಳಥಳಿಸುವ ಕೋಶದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು.

ಲೋಹ ಮತ್ತು ಅದರ ಕಪ್ಪು

ಹಿತ್ತಾಳೆಯಲ್ಲಿ ತಾಮ್ರದ ಪಾಲು ಹೆಚ್ಚು, ಸತುವಿನ ಪಾಲು ಕಡಿಮೆ. ತೋಟಾಕೋಶಕ್ಕೆ ಬಳಸುವ ಹಿತ್ತಾಳೆಯಲ್ಲಿ ಶೇಕಡ 70 ತಾಮ್ರ, ಶೇಕಡ 30 ಸತು ಇರುತ್ತದೆ. ತಣ್ಣಗಿರುವಾಗಲೇ ಎಳೆದು ಆಳವಾದ ಕೊಳವೆಯ ಆಕಾರಕ್ಕೆ ತರಲು ಈ ಪ್ರಮಾಣವು ಅನುಕೂಲ. ಎರಕದ ದೀಪ, ಗಂಟೆಗಳಲ್ಲಿ ಸತುವಿನ ಪ್ರಮಾಣ ಇನ್ನೂ ಹೆಚ್ಚಿರಬಹುದು. ತಾಮ್ರಕ್ಕೆ ತವರ ಸೇರಿದರೆ ಅದು ಕಂಚು, ಹಿತ್ತಾಳೆಯಲ್ಲ. ಆಡುಮಾತಿನಲ್ಲಿ ಇವೆರಡನ್ನೂ ಬೆರೆಸಿ ಹೇಳುವುದುಂಟಾದರೂ ತೊಳೆಯುವವರು ಈ ಭೇದವನ್ನು ತಿಳಿದಿರಬೇಕು. ಸತು ಆಮ್ಲಕ್ಕೆ ಬೇಗ ಕರಗುವ ಲೋಹ, ತವರ ಹಾಗಲ್ಲ. ಆದ್ದರಿಂದ ಹುಳಿಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಗೆ ಆಗುವ ಹಾನಿ ಕಂಚಿಗೆ ಆಗುವುದಿಲ್ಲ.

ಹೊಸ ಹಿತ್ತಾಳೆಯನ್ನು ಗಾಳಿಗೆ ಬಿಟ್ಟರೆ ಮೊದಲು ಮಂಕಾಗುತ್ತದೆ, ಬಳಿಕ ಕಂದುಬಣ್ಣಕ್ಕೆ ತಿರುಗುತ್ತದೆ. ಇದು ತಾಮ್ರ ಮತ್ತು ಸತುವಿನ ಆಕ್ಸೈಡುಗಳ ತೆಳುವಾದ ಪದರ. ಒಲೆಯ ಹೊಗೆ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ ಮೊದಲಾದವುಗಳಲ್ಲಿರುವ ಗಂಧಕದ ಅಂಶ ತಗುಲಿದಾಗ ತಾಮ್ರದ ಸಲ್ಫೈಡ್ ಉಂಟಾಗಿ ಕಪ್ಪು ದಟ್ಟವಾಗುತ್ತದೆ. ತೇವ ಮತ್ತು ಹುಳಿಯ ಸಂಪರ್ಕದಲ್ಲಿ ಹಸಿರುಬಣ್ಣದ ಲವಣಗಳು ಹುಟ್ಟುತ್ತವೆ. ಇವಕ್ಕೆ ಕನ್ನಡದಲ್ಲಿ ಕಿಲುಬು ಎಂಬ ಹೆಸರಿದೆ. ಕಂದು ಪದರವು ಒಳಗಿನ ಲೋಹಕ್ಕೆ ಒಂದು ಬಗೆಯ ಹೊದಿಕೆಯಂತಿದ್ದು ಹೆಚ್ಚಿನ ಹಾನಿಯನ್ನು ತಡೆಯುತ್ತದೆ. ಕಿಲುಬು ಹಾಗಲ್ಲ, ಅದು ಲೋಹವನ್ನು ತಿನ್ನುತ್ತಲೇ ಇರುತ್ತದೆ, ಹೊಟ್ಟೆಗೆ ಹೋದರೆ ವಾಂತಿಯನ್ನು ಉಂಟುಮಾಡುತ್ತದೆ.

ದಿಬ್ಬೂರಹಳ್ಳಿ ಸೀಮೆಯ ರೂಢಿ

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಮತ್ತು ಅದರ ಸುತ್ತಲಿನ ಹಳ್ಳಿಗಳು ಕನ್ನಡ ಹಾಗೂ ತೆಲುಗು ಎರಡೂ ಕೇಳಿಬರುವ ಸೀಮೆ. ಒಂದೇ ಬೀದಿಯಲ್ಲಿ ಒಬ್ಬರು ಹಿತ್ತಾಳೆ ಎಂದರೆ ಇನ್ನೊಬ್ಬರು ಇತ್ತಡಿ ಎನ್ನುತ್ತಾರೆ. ಹುಣಸೆಹಣ್ಣು ಪಕ್ಕದ ಮನೆಯಲ್ಲಿ ಚಿಂತಪಂಡು ಆಗುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯ ಒಣಭೂಮಿಗೆ ಹುಣಸೆಮರ ಚೆನ್ನಾಗಿ ಒಗ್ಗಿದೆ. ಹೊಲದ ಬದು, ಕೆರೆಯ ಏರಿ, ರಸ್ತೆಯ ಅಂಚುಗಳಲ್ಲಿ ಅದು ಸಾಮಾನ್ಯ. ನೆರೆಯ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ದೇಶದಲ್ಲಿ ಈ ಮನ್ನಣೆ ಪಡೆದ ಮೊದಲ ತಾಣ ಅದು. ಹೀಗೆ ಹುಣಸೆ ಕೈಗೆಟಕುವಲ್ಲಿ ಪಾತ್ರೆ ತೊಳೆಯಲು ಬೇರೆ ಹುಳಿಯನ್ನು ಹುಡುಕುವ ಅಗತ್ಯ ಬೀಳುವುದಿಲ್ಲ.

ಉಜ್ಜಲು ಹೊಸ ಹುಣಸೆಯನ್ನು ವ್ಯಯಮಾಡುವುದು ಕಡಿಮೆ. ಸಾರಿಗೆ ಕಿವುಚಿದ ಮೇಲೆ ಉಳಿಯುವ ನಾರು ಮತ್ತು ಸಿಪ್ಪೆ, ಇಲ್ಲವೇ ಕಪ್ಪಾಗಿ ಅಡುಗೆಗೆ ಬಾರದ ಹಳೆಯ ಹುಣಸೆ ಈ ಕೆಲಸಕ್ಕೆ ಸಾಕು. ಇದಕ್ಕೆ ಚಿಟಿಕೆ ಕಲ್ಲುಪ್ಪನ್ನು ಸೇರಿಸಿ, ತೆಂಗಿನ ನಾರಿನಿಂದ ತಿಕ್ಕಿ, ಬಳಿಕ ಸೌದೆಯ ಬೂದಿಯಿಂದ ಮತ್ತೊಮ್ಮೆ ಉಜ್ಜಿ, ನೀರಿನಲ್ಲಿ ತೊಳೆದು ಬಟ್ಟೆಯಿಂದ ಒರೆಸುವುದು ರೂಢಿ. ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ ಮತ್ತು ದೀಪಾವಳಿಗೆ ಮುನ್ನ ಮನೆಯ ಬಿಂದಿಗೆ, ಚೊಂಬು, ಹರಿವಾಣ, ದೀಪಗಳೆಲ್ಲ ಹಿತ್ತಲಿಗೆ ಬಂದು ಸಾಲಾಗಿ ನಿಲ್ಲುತ್ತವೆ. ಸ್ಟೀಲ್ ಪಾತ್ರೆಗಳು ಬಂದ ಮೇಲೆ ದಿನದ ಅಡುಗೆಯಲ್ಲಿ ಹಿತ್ತಾಳೆ ಕಡಿಮೆಯಾಗಿದ್ದರೂ ಪೂಜೆಯ ಸಾಮಾನಿನಲ್ಲಿ ಅದರ ಸ್ಥಾನ ಕದಲಿಲ್ಲ. ಸೌದೆ ಒಲೆ ಹೋಗಿ ಗ್ಯಾಸ್ ಬಂದ ಮನೆಗಳಲ್ಲಿ ಬೂದಿಯ ಜಾಗವನ್ನು ಪೀತಾಂಬರಿ ಮೊದಲಾದ ಪುಡಿಗಳು ಹಿಡಿದಿವೆ.

ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ. ಆಳದ ಕೊಳವೆಬಾವಿಗಳ ಗಡಸು ನೀರು ಆರಿದಲ್ಲೆಲ್ಲ ಸುಣ್ಣದಂತಹ ಬಿಳಿಯ ಪದರವನ್ನು ಬಿಟ್ಟುಹೋಗುತ್ತದೆ. ಹಿತ್ತಾಳೆಯ ಕಪ್ಪು ಹುಣಸೆಗೆ ಕ್ಷಣದಲ್ಲಿ ಬಿಡುತ್ತದೆ, ಆದರೆ ಈ ಬಿಳಿ ಪದರ ಬೇಗ ಬಿಡದು. ಅದಕ್ಕಾಗಿ ಪಾತ್ರೆಯನ್ನು ಹುಣಸೆನೀರಿನಲ್ಲಿ ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಲೋಹಕ್ಕೆ ಹಾನಿ ತಗುಲುವುದು ಇಲ್ಲಿಯೇ. ತೊಳೆದ ಕೂಡಲೇ ಒಣಬಟ್ಟೆಯಿಂದ ಒರೆಸಿಬಿಟ್ಟರೆ ಬಿಳಿ ಪದರ ಕಟ್ಟುವ ಪ್ರಮೇಯವೇ ಇರುವುದಿಲ್ಲ.

ಹುಣಸೆ, ಉಪ್ಪು ಮತ್ತು ಬೂದಿಯ ಕೆಲಸ

ಹುಣಸೆಹಣ್ಣಿನ ಹುಳಿಗೆ ಮುಖ್ಯ ಕಾರಣ ಟಾರ್ಟಾರಿಕ್ ಆಮ್ಲ. ಹೆಚ್ಚಿನ ಹಣ್ಣುಗಳ ಹುಳಿ ಸಿಟ್ರಿಕ್ ಅಥವಾ ಮ್ಯಾಲಿಕ್ ಆಮ್ಲದಿಂದ ಬರುತ್ತದೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲವು ಇಷ್ಟು ಹೆಚ್ಚಿರುವುದು ಅದರ ವೈಶಿಷ್ಟ್ಯ. ಈ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸಿ ನೀರಿನಲ್ಲಿ ಕದಡುವ ಲವಣವಾಗಿ ಮಾರ್ಪಡಿಸುತ್ತದೆ. ಗಾಳಿಯ ಆಮ್ಲಜನಕದ ನೆರವಿಲ್ಲದೆ ತಾಮ್ರದ ಲೋಹವನ್ನೇ ಕರಗಿಸುವ ಶಕ್ತಿ ಅದಕ್ಕಿಲ್ಲ. ಆದುದರಿಂದಲೇ ಕೆಲವು ನಿಮಿಷಗಳ ಉಜ್ಜುವಿಕೆಯಲ್ಲಿ ಕಪ್ಪು ಹೋಗುತ್ತದೆ, ಪಾತ್ರೆ ಉಳಿಯುತ್ತದೆ.

ಉಪ್ಪು ಸೇರಿಸಿದಾಗ ಕೆಲಸ ಚುರುಕಾಗುವುದು ಉಪ್ಪಿನ ಹರಳು ತಿಕ್ಕುವುದರಿಂದ ಮಾತ್ರವಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಅಯಾನುಗಳು ತಾಮ್ರದೊಡನೆ ಕೂಡಿಕೊಂಡು ಆಕ್ಸೈಡ್ ಕರಗುವುದನ್ನು ಸುಲಭಗೊಳಿಸುತ್ತವೆ. ಆದರೆ ಇದೇ ಕ್ಲೋರೈಡ್ ಕೆತ್ತನೆಯ ಸಂದುಗಳಲ್ಲಿ ಉಳಿದುಹೋದರೆ ಕೆಲವು ದಿನಗಳಲ್ಲಿ ಹಸಿರು ಚುಕ್ಕೆಗಳು ಏಳುತ್ತವೆ. ಹಬ್ಬಕ್ಕೆ ಮುನ್ನ ತೊಳೆದ ದೀಪದ ಕಂಠದಲ್ಲಿ ಹಬ್ಬ ಮುಗಿಯುವಷ್ಟರಲ್ಲಿ ಕಿಲುಬು ಕಾಣುವುದಕ್ಕೆ ಇದೇ ಕಾರಣ. ಹುಣಸೆಯ ದೋಷವಲ್ಲ, ಸಾಲದ ನೀರಿನ ದೋಷ.

ಹುಣಸೆಯ ಬಳಿಕ ಬೂದಿಯಿಂದ ಉಜ್ಜುವ ಕ್ರಮವನ್ನು ರೂಢಿಗೆ ತಂದವರು ರಸಾಯನಶಾಸ್ತ್ರವನ್ನು ಓದಿದವರಲ್ಲ, ಆದರೂ ಕ್ರಮ ಸರಿಯಾಗಿಯೇ ಇದೆ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದ್ದು ಅದು ಉಳಿದ ಆಮ್ಲವನ್ನು ತಟಸ್ಥಗೊಳಿಸುತ್ತದೆ, ಎಣ್ಣೆಯ ಜಿಡ್ಡನ್ನೂ ಬಿಡಿಸುತ್ತದೆ. ಇಂದು ಇದೇ ಕೆಲಸಕ್ಕೆ ಅಡುಗೆಸೋಡವನ್ನು ಬಳಸಬಹುದು. ಮೊದಲು ಬೂದಿ, ಬಳಿಕ ಹುಣಸೆ ಎಂದು ಕ್ರಮವನ್ನು ತಿರುಗಿಸಿದರೆ ಹೊಳಪೇನೋ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಬೂದಿಯನ್ನು ಜರಡಿಯಾಡಿ ಬಳಸಬೇಕು. ಇಟ್ಟಿಗೆಯ ಪುಡಿ, ಮರಳು ಮತ್ತು ರಂಗೋಲಿಯ ಕಲ್ಲುಪುಡಿ ಕಪ್ಪನ್ನು ಕರಗಿಸುವುದಿಲ್ಲ, ಲೋಹವನ್ನೇ ಕೆರೆದು ತೆಗೆಯುತ್ತವೆ. ಕೆರೆದ ಗೀರುಗಳಲ್ಲಿ ತೇವ ನಿಂತು ಪಾತ್ರೆ ಮುಂಚಿಗಿಂತ ಬೇಗ ಕಪ್ಪಾಗುತ್ತದೆ.

ಹುಳಿಯಲ್ಲಿ ಬಹಳ ಹೊತ್ತು ನೆನೆದ ಹಿತ್ತಾಳೆ ಹಳದಿಯಾಗಿ ಹೊಳೆಯುವ ಬದಲು ಗುಲಾಬಿಗೆಂಪು ಬಣ್ಣಕ್ಕೆ ತಿರುಗುತ್ತದೆ. ಮೇಲ್ಪದರದ ಸತು ಕರಗಿಹೋಗಿ ತಾಮ್ರವಷ್ಟೇ ಉಳಿದಿರುವುದರ, ಇಲ್ಲವೇ ಕರಗಿದ ತಾಮ್ರ ಮರಳಿ ಮೇಲೆ ಕೂತಿರುವುದರ ಚಿಹ್ನೆ ಅದು. ಕೂತ ತಾಮ್ರ ಉಜ್ಜಿದರೆ ಹೋಗುತ್ತದೆ. ಸತುವನ್ನು ಕಳೆದುಕೊಂಡ ಪದರವು ಸೂಕ್ಷ್ಮ ರಂಧ್ರಗಳಿಂದ ಕೂಡಿ ದುರ್ಬಲವಾಗಿರುತ್ತದೆ, ಅದಕ್ಕೆ ಚಿಕಿತ್ಸೆಯಿಲ್ಲ. ತಪ್ಪಲೆಯ ದಪ್ಪ ತಳಕ್ಕೆ ಇದು ಅಷ್ಟಾಗಿ ಬಾಧಕವಲ್ಲವಾದರೂ ತೆಳುಗೋಡೆಯ ತೋಟಾಕೋಶಕ್ಕೆ ಬಹಳ ಬಾಧಕ.

ಕಲಾಯಿ ಮತ್ತು ಆಹಾರ

ಪೂಜೆಯ ಪಾತ್ರೆ ಮತ್ತು ಅಡುಗೆಯ ಪಾತ್ರೆಗಳನ್ನು ಒಂದೇ ರೀತಿಯಲ್ಲಿ ತೊಳೆಯಬಾರದು. ಅಡುಗೆಗೆ ಬಳಸುವ ಹಿತ್ತಾಳೆಯ ಒಳಮೈಗೆ ತವರದ ತೆಳುಪದರವನ್ನು ಹಚ್ಚುವುದಕ್ಕೆ ಕಲಾಯಿ ಎಂದು ಹೆಸರು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿಯನ್ನು ಉದುರಿಸಿ ಮೇಲ್ಮೈಯನ್ನು ಶುದ್ಧಗೊಳಿಸಿ, ತವರವನ್ನು ಕರಗಿಸಿ ಹತ್ತಿಯಿಂದ ಹರಡಲಾಗುತ್ತದೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುವುದರಿಂದ ಊರೂರು ತಿರುಗುವ ಕಲಾಯಿಗಾರರಿಗೆ ಒಂದು ಚಿಕ್ಕ ತಿದಿ ಮತ್ತು ಒಂದು ಕುಳಿ ಸಾಕಾಗುತ್ತಿತ್ತು.

ಕಲಾಯಿ ಮಾಡಿದ ಒಳಮೈಯನ್ನು ಹುಣಸೆ, ಮರಳು ಅಥವಾ ಕಬ್ಬಿಣದ ಜುಂಗಿನಿಂದ ಉಜ್ಜಿದರೆ ತವರ ಹರಿದುಹೋಗುತ್ತದೆ. ಒಳಗೆ ಹಳದಿ ಕಾಣತೊಡಗಿತೆಂದರೆ ಕಲಾಯಿ ಮುಗಿದಿದೆ ಎಂದೇ ಅರ್ಥ. ಅಂತಹ ಪಾತ್ರೆಯಲ್ಲಿ ಸಾರು, ಮಜ್ಜಿಗೆ, ನಿಂಬೆಯ ಚಿತ್ರಾನ್ನ, ಉಪ್ಪಿನಕಾಯಿಗಳನ್ನು ಇಟ್ಟರೆ ಹೊರಮೈಯ ಕಪ್ಪನ್ನು ಕರಗಿಸಿದ ಅದೇ ಆಮ್ಲವು ತಾಮ್ರವನ್ನು ಆಹಾರಕ್ಕೆ ಇಳಿಸುತ್ತದೆ. ಕಿಲುಬಿದ ರುಚಿ ಎಂದು ಹಿರಿಯರು ಹೇಳುವುದು ಇದನ್ನೇ.

ಶಿಶುಗಳ ವಿಷಯದಲ್ಲಿ ಈ ಎಚ್ಚರಿಕೆ ಇನ್ನೂ ಗಂಭೀರವಾದುದು. ಭಾರತೀಯ ಬಾಲ ಸಿರೋಸಿಸ್ ಎಂದು ವೈದ್ಯಗ್ರಂಥಗಳಲ್ಲಿ ಹೆಸರಾದ ಯಕೃತ್ತಿನ ರೋಗವು ಒಂದು ಕಾಲದಲ್ಲಿ ದೇಶದ ಹಲವು ಭಾಗಗಳಲ್ಲಿ ಎಳೆಯ ಮಕ್ಕಳನ್ನು ಬಲಿತೆಗೆದುಕೊಳ್ಳುತ್ತಿತ್ತು. ರೋಗಿಗಳ ಯಕೃತ್ತಿನಲ್ಲಿ ತಾಮ್ರ ಅತಿಯಾಗಿ ಸಂಗ್ರಹವಾಗಿರುವುದು ಕಂಡುಬಂದಿತ್ತು. 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಅಧ್ಯಯನಗಳು, ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಕಾಯಿಸಿ ಇಡುತ್ತಿದ್ದ ಪ್ರಾಣಿಗಳ ಹಾಲನ್ನು ಶಿಶುಗಳಿಗೆ ಬೇಗನೆ ಕುಡಿಸತೊಡಗುವುದಕ್ಕೂ ಈ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿದವು. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳು ಮನೆಗಳನ್ನು ತುಂಬಿದ ಮೇಲೆ ಈ ರೋಗವು ಬಹಳ ವಿರಳವಾಯಿತು. ಹಿತ್ತಾಳೆಯ ಗಿಂಡಿಯಲ್ಲಿ ಮಗುವಿನ ಹಾಲನ್ನು ಇಡುವುದನ್ನು ಸಂಪ್ರದಾಯದ ಹೆಸರಿನಲ್ಲಿ ಮತ್ತೆ ತರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅಮೋನಿಯ ಮತ್ತು ಮಳೆಗಾಲದ ಬಿರುಕು

ಆಮ್ಲ ಮೇಲ್ಮೈಯನ್ನು ಸವೆಸುತ್ತದೆ, ಅಮೋನಿಯವಾದರೋ ಹಿತ್ತಾಳೆಯನ್ನು ಸೀಳುತ್ತದೆ. ಇದನ್ನು ಜಗತ್ತು ಅರಿತದ್ದು ಭಾರತದ ಮಳೆಗಾಲದಿಂದ.

ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆಯ ಉಗ್ರಾಣಗಳಲ್ಲಿ ಮಳೆಗಾಲದ ತಿಂಗಳುಗಳ ಬಳಿಕ ಹೊಸ ತೋಟಾಗಳ ಹಿತ್ತಾಳೆಯ ಕೋಶಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಗುಂಡನ್ನು ಬಿಗಿಯಾಗಿ ಕೂರಿಸಿದ ಕಂಠದ ಭಾಗದಲ್ಲಿ ಬಿರುಕು ಕಾಣುತ್ತಿತ್ತು. ವರ್ಷದ ಒಂದು ಋತುವಿನಲ್ಲಿ ಮರುಕಳಿಸುತ್ತಿದ್ದುದರಿಂದ ಇದಕ್ಕೆ ಇಂಗ್ಲಿಷಿನಲ್ಲಿ ಋತುವಿನ ಬಿರುಕು ಎಂಬರ್ಥದ ಹೆಸರು ಬಿತ್ತು. 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರು ಕಾರಣವನ್ನು ವಿವರಿಸಿದರು. ಮಳೆಗಾಲದಲ್ಲಿ ತೋಟಾಗಳನ್ನು ಕುದುರೆಲಾಯಗಳಲ್ಲಿ ಇಡಲಾಗುತ್ತಿತ್ತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯ, ಗಾಳಿಯ ತೇವ, ತಣ್ಣಗೆ ಎಳೆದು ರೂಪಿಸಿದ ಹಿತ್ತಾಳೆಯೊಳಗೆ ಅಡಗಿದ್ದ ಒತ್ತಡ ಈ ಮೂರೂ ಸೇರಿದಾಗ ಲೋಹದ ಕಣಗಳ ಗಡಿಗುಂಟ ಬಿರುಕು ಹರಿಯುತ್ತಿತ್ತು. ಮೂರರಲ್ಲಿ ಒಂದು ತಪ್ಪಿದರೂ ಬಿರುಕಿಲ್ಲ. ಕೋಶಗಳನ್ನು ಹದವಾಗಿ ಕಾಯಿಸಿ ಒಳಗಿನ ಒತ್ತಡವನ್ನು ಇಳಿಸುವುದು ಮತ್ತು ಲಾಯದಿಂದ ದೂರ ಇಡುವುದು ಪರಿಹಾರವಾಯಿತು. ಲೋಹವಿಜ್ಞಾನದಲ್ಲಿ ಒತ್ತಡ ಮತ್ತು ತುಕ್ಕು ಕೂಡಿ ಉಂಟುಮಾಡುವ ಬಿರುಕುಗಳ ಅಧ್ಯಯನಕ್ಕೆ ಇದು ಮೊದಲ ಪಾಠಗಳಲ್ಲೊಂದು.

ಮನೆಯ ಬಳಕೆಗೂ ಇದರಿಂದ ತಿಳಿಯಬೇಕಾದುದಿದೆ. ಹಸು, ಎಮ್ಮೆಗಳ ಕೊಟ್ಟಿಗೆಗೆ ತಾಗಿದ ಕೋಣೆಯಲ್ಲಿ, ಗೊಬ್ಬರದ ಚೀಲಗಳ ಪಕ್ಕದಲ್ಲಿ ಹಿತ್ತಾಳೆಯನ್ನು ಬಹುಕಾಲ ಇಡಬಾರದು. ತೆಳು ತಗಡನ್ನು ಬಡಿದು ಮಾಡಿದ ಬಿಂದಿಗೆ, ಚೊಂಬುಗಳ ಕಂಠದಲ್ಲಿ ಒತ್ತಡ ಹೆಚ್ಚಾಗಿರುತ್ತದೆ. ಹಿತ್ತಾಳೆಯ ಬಿಲ್ಲೆ, ಗುಂಡಿಗಳನ್ನು ಹೊಳೆಯಿಸಲು ಪೊಲೀಸರು ಮತ್ತು ಸೈನಿಕರು ಬಳಸುವ ಬ್ರಾಸೊ ಮೊದಲಾದ ದ್ರವಗಳಲ್ಲಿ ಅಮೋನಿಯದ ಅಂಶವಿರುತ್ತದೆ. ಬಿಲ್ಲೆಗೆ ಅದರಿಂದ ಹಾನಿಯಿಲ್ಲ, ಏಕೆಂದರೆ ಅದರ ಮೇಲೆ ಒತ್ತಡ ಬೀಳುವುದಿಲ್ಲ, ದ್ರವವನ್ನು ಕೂಡಲೇ ಒರೆಸಿಯೂ ಬಿಡುತ್ತಾರೆ.

ತೋಟಾಕೋಶಗಳ ಶುಚೀಕರಣ

ರೈಫಲ್ ಅಥವಾ ಪಿಸ್ತೂಲಿನ ತೋಟಾದಲ್ಲಿ ನಾಲ್ಕು ಭಾಗಗಳು: ಗುಂಡು, ಮದ್ದು, ಮದ್ದನ್ನು ಹೊತ್ತಿಸುವ ಕೇಪು ಅಥವಾ ಪ್ರೈಮರ್, ಮತ್ತು ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆಯ ಕೋಶ. ಹಾರಿಸಿದಾಗ ಮೊದಲ ಮೂರೂ ವ್ಯಯವಾಗಿ ಕೋಶ ಮಾತ್ರ ಉಳಿಯುತ್ತದೆ. ತೋಟಾದ ಬೆಲೆಯಲ್ಲಿ ಕೋಶದ ಪಾಲು ದೊಡ್ಡದು. ಆದ್ದರಿಂದ ಅಮೆರಿಕ ಸಂಯುಕ್ತ ಸಂಸ್ಥಾನ ಮೊದಲಾದ ದೇಶಗಳಲ್ಲಿ ಗುರಿಕಾರರು ಕೋಶಗಳನ್ನು ಆಯ್ದು ತಂದು, ತೊಳೆದು, ಮರುತುಂಬಿ ಬಳಸುತ್ತಾರೆ. ಅಲ್ಲಿ ಇದು ಕಾನೂನಿಗೆ ಒಳಪಟ್ಟ ಹವ್ಯಾಸ.

ತೊಳೆಯುವುದು ಅಂದಕ್ಕಾಗಿ ಅಲ್ಲ. ನೆಲಕ್ಕೆ ಬಿದ್ದ ಕೋಶಕ್ಕೆ ಮರಳು ಅಂಟಿರುತ್ತದೆ. ಅದು ಕೋಶವನ್ನು ಮೂಲ ಅಳತೆಗೆ ತರುವ ಉಕ್ಕಿನ ಅಚ್ಚನ್ನು ಗೀರುತ್ತದೆ. ಮಸಿಯ ಕೆಳಗೆ ಬಿರುಕಿದ್ದರೆ ಕಾಣುವುದಿಲ್ಲ. ಬುಡದ ಬಳಿ ಸುತ್ತಲೂ ಹೊಳೆಯುವ ಗೆರೆಯೊಂದು ಕಂಡರೆ ಅಲ್ಲಿ ಗೋಡೆ ಸವೆದಿದೆಯೆಂದು ಅನುಭವಿಗಳು ಆ ಕೋಶವನ್ನು ತಳ್ಳಿಹಾಕುತ್ತಾರೆ. ಅಂತಹ ಕೋಶ ಮತ್ತೆ ಹಾರಿಸುವಾಗ ಎರಡಾಗಿ ಮುರಿದರೆ ಅತಿ ಒತ್ತಡದ ಅನಿಲ ಹಾರಿಸುವವನ ಮುಖದ ಕಡೆಗೆ ನುಗ್ಗಬಹುದು. ಹೀಗೆ ಶುಚೀಕರಣವು ಇಲ್ಲಿ ಪರೀಕ್ಷೆಯ ಮೊದಲ ಹಂತ.

ಬಳಕೆಯಲ್ಲಿರುವ ವಿಧಾನಗಳಲ್ಲಿ ಹಳೆಯದು ಒಣ ವಿಧಾನ. ಅಕ್ರೋಟದ ಚಿಪ್ಪಿನ ಪುಡಿ ಅಥವಾ ಮೆಕ್ಕೆಜೋಳದ ದಿಂಡಿನ ಪುಡಿಯನ್ನು ತುಂಬಿದ ಬಟ್ಟಲಿನಲ್ಲಿ ಕೋಶಗಳನ್ನು ಹಾಕಿ ಯಂತ್ರದಿಂದ ಕಂಪಿಸಲಾಗುತ್ತದೆ. ಕೆಲವು ಗಂಟೆಗಳಲ್ಲಿ ಹೊರಮೈ ಹೊಳೆಯುತ್ತದೆ, ಒಳಮೈ ಅಷ್ಟಾಗಿ ಶುಚಿಯಾಗದು. ಒದ್ದೆ ವಿಧಾನದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಡ್ಡಿಗಳು, ನೀರು, ಸ್ವಲ್ಪ ಪಾತ್ರೆ ತೊಳೆಯುವ ಸಾಬೂನು ಮತ್ತು ಚಿಟಿಕೆ ಸಿಟ್ರಿಕ್ ಆಮ್ಲದೊಡನೆ ಪೀಪಾಯಿಯನ್ನು ಉರುಳಿಸುತ್ತಾರೆ. ಇದರಲ್ಲಿ ಒಳಗೂ ಹೊರಗೂ ಹೊಸದರಂತೆ ಕಾಣುತ್ತದೆ. ಶ್ರವಣಾತೀತ ಧ್ವನಿತರಂಗಗಳಿಂದ ತೊಳೆಯುವ ಯಂತ್ರಗಳೂ ಇವೆ. ಯಂತ್ರವಿಲ್ಲದವರು ಸಿಟ್ರಿಕ್ ಆಮ್ಲದ ತೆಳುವಾದ ದ್ರಾವಣದಲ್ಲಿ ಕೆಲವೇ ನಿಮಿಷ ಅದ್ದಿ ತೆಗೆದು ನೀರಿನಲ್ಲಿ ಹಲವು ಸಲ ಜಾಲಿಸುತ್ತಾರೆ. ಹಿತ್ತಲಿನ ಹುಣಸೆಯ ವಿಧಾನಕ್ಕೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ವಿನಿಗರ್ ಮತ್ತು ಉಪ್ಪಿನಲ್ಲಿ ರಾತ್ರಿಯಿಡೀ ಬಿಟ್ಟ ಕೋಶ ಕೆಂಪಗಾದರೆ ಅದು ಬಳಕೆಗೆ ಯೋಗ್ಯವಲ್ಲ. ಬ್ರಾಸೊದಂತಹ ಅಮೋನಿಯಯುಕ್ತ ದ್ರವಗಳನ್ನು ತೋಟಾಕೋಶಕ್ಕೆ ಸೋಕಿಸಲೇಬಾರದು ಎಂಬ ನಿಯಮದ ಮೂಲ ಮೇಲೆ ಹೇಳಿದ ಕುದುರೆಲಾಯದ ಪಾಠವೇ.

ಒಣಗಿಸುವಾಗಲೂ ಎಚ್ಚರ ಬೇಕು. ಬಿಸಿಲು ಅಥವಾ ಬೆಚ್ಚನೆಯ ಗಾಳಿ ಸಾಕು. ಬೇಗ ಆರಲೆಂದು ಒಲೆಯ ಮೇಲೆ ಕಾಯಿಸಿದರೆ, ಸುಮಾರು 250 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಹಿತ್ತಾಳೆ ಮೆದುವಾಗತೊಡಗುತ್ತದೆ. ಕಂಠ ಮೆದುವಾಗುವುದು ಒಳ್ಳೆಯದೇ, ಬುಡ ಮೆದುವಾದರೆ ಅಪಾಯ.

ಕಣ್ಣಿಗೆ ಕಾಣದ ದೊಡ್ಡ ಅಪಾಯ ಸೀಸದ್ದು. ಇಂದಿನ ಸಾಮಾನ್ಯ ಪ್ರೈಮರುಗಳಲ್ಲಿ ಸೀಸದ ಸ್ಟಿಫ್ನೇಟ್ ಎಂಬ ಸ್ಫೋಟಕವಿರುತ್ತದೆ. ಹಾರಿಸಿದ ಮೇಲೆ ಅದರ ಸೀಸ ಮಸಿಯೊಡನೆ ಕೋಶದ ಒಳಗೆ ಉಳಿಯುತ್ತದೆ. ಒಣ ವಿಧಾನದಲ್ಲಿ ಇದು ನಯವಾದ ಧೂಳಾಗಿ ಗಾಳಿಗೆ ಏರುತ್ತದೆ. ಯಂತ್ರವನ್ನು ಮುಚ್ಚಳ ಹಾಕಿ ಮನೆಯ ಹೊರಗೆ ನಡೆಸುವುದು, ಪುಡಿಯನ್ನು ಜರಡಿಯಾಡುವಾಗ ಮುಖಗವಸು ಧರಿಸುವುದು, ಕೈ ತೊಳೆಯದೆ ಊಟ ಮಾಡದಿರುವುದು ಅಗತ್ಯ. ತೊಳೆದ ನೀರನ್ನು ಅಡುಗೆಮನೆಯ ತೊಟ್ಟಿಗೆ ಸುರಿಯಬಾರದು. ಮಕ್ಕಳ ಮಿದುಳಿನ ಬೆಳವಣಿಗೆಗೆ ಅತ್ಯಲ್ಪ ಸೀಸವೂ ಹಾನಿಕರ. ಹಳೆಯ ಕಾಲದ ಪ್ರೈಮರುಗಳಲ್ಲಿ ಪಾದರಸದ ಸಂಯುಕ್ತವಿರುತ್ತಿತ್ತು. ಅದು ಹಿತ್ತಾಳೆಯೊಡನೆ ಬೆರೆತು ಕೋಶವನ್ನು ಪೆಡಸಾಗಿಸುತ್ತಿದ್ದುದರಿಂದ ಅಂತಹ ಕೋಶಗಳನ್ನು ಎಷ್ಟೇ ತೊಳೆದರೂ ಮರುಬಳಕೆ ಸಾಧ್ಯವಾಗುತ್ತಿರಲಿಲ್ಲ.

ಭಾರತದಲ್ಲಿ ಸ್ಥಿತಿ

ಭಾರತದಲ್ಲಿ 1959ರ ಆಯುಧ ಅಧಿನಿಯಮವು ಮದ್ದುಗುಂಡಿನ ಬಿಡಿಭಾಗಗಳನ್ನೂ ಮದ್ದುಗುಂಡು ಎಂಬ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ಅದರ 5ನೆಯ ಪ್ರಕರಣದಂತೆ ಮದ್ದುಗುಂಡಿನ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. ಬಂದೂಕಿನ ಪರವಾನಗಿ ಇದ್ದ ಮಾತ್ರಕ್ಕೆ ಮನೆಯಲ್ಲಿ ತೋಟಾ ತುಂಬುವ ಅಧಿಕಾರ ಬರುವುದಿಲ್ಲ. ಸೇನೆ ಮತ್ತು ಪೊಲೀಸರ ಗುರಿ ಅಭ್ಯಾಸದ ಮೈದಾನಗಳಲ್ಲಿ ಹಾರಿಸಿದ ಕೋಶಗಳನ್ನು ಆಯ್ದು, ಎಣಿಸಿ, ಲೆಕ್ಕಕ್ಕೆ ಒಪ್ಪಿಸುವ ಪದ್ಧತಿಯಿದೆ. ಎನ್‌ಸಿಸಿ ಶಿಬಿರಗಳಲ್ಲಿ .22 ರೈಫಲ್ ಹಾರಿಸಿದ ವಿದ್ಯಾರ್ಥಿಗಳಿಗೂ ಇದು ಪರಿಚಿತ. ಆ .22 ಕೋಶದಲ್ಲಿ ಪ್ರತ್ಯೇಕ ಕೇಪು ಇಲ್ಲ, ಹೊತ್ತಿಸುವ ಮದ್ದು ಬುಡದ ಅಂಚಿನೊಳಗೇ ಇರುತ್ತದೆ. ಒಮ್ಮೆ ಹಾರಿಸಿದ ಮೇಲೆ ಅಂಚು ಜಜ್ಜಿಹೋಗುವುದರಿಂದ ಅದು ಸಾಮಾನ್ಯ ರೀತಿಯ ಮರುತುಂಬುವಿಕೆಗೆ ಒದಗದು.

ಹಳ್ಳಿಗಾಡಿನ ಪರವಾನಗಿದಾರರ ಬಳಿ ಹೆಚ್ಚಾಗಿ ಕಾಣುವ 12 ಬೋರಿನ ತೋಟಾದಲ್ಲಿ ಬುಡದ ಬಟ್ಟಲು ಮಾತ್ರ ಲೋಹದ್ದು, ಮೇಲಿನ ಕೊಳವೆ ಕಾಗದ ಅಥವಾ ಪ್ಲಾಸ್ಟಿಕ್ಕಿನದು. ಬೆಳೆ ಕಾಯಲು ರೈತರು ಪರವಾನಗಿ ಪಡೆದು ಇಟ್ಟುಕೊಳ್ಳುವ ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಗಂತೂ ಕೋಶವೇ ಇಲ್ಲ. ಅಲ್ಲಿ ತೊಳೆಯಬೇಕಾದುದು ನಳಿಗೆಯನ್ನು ಮಾತ್ರ. ಕರಿಮದ್ದಿನ ಮಸಿ ತೇವವನ್ನು ಹೀರಿ ಉಕ್ಕನ್ನು ತಿನ್ನುವುದರಿಂದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರುತ್ತಾರೆ.

ಕರ್ನಾಟಕದಲ್ಲಿ ಬಂದೂಕಿನ ಶುಚೀಕರಣವು ಆಚರಣೆಯ ಭಾಗವೇ ಆಗಿರುವುದು ಕೊಡಗಿನಲ್ಲಿ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಂದು ಮನೆಯ ಆಯುಧಗಳನ್ನು ಶುಚಿಗೊಳಿಸಿ, ತೋಕ್ ಪೂವ್ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಅಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. ಈ ವಿನಾಯಿತಿ ಆಯುಧವನ್ನು ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಕೆಗೆ ಅಲ್ಲ.

ಬರಿದಾದ ಕೋಶವೆಂದು ತಿಳಿದು ಸಿಡಿಯದ ತೋಟಾವನ್ನು ಮನೆಗೆ ತರುವುದು ಅತ್ಯಂತ ಅಪಾಯಕರ. ಬುಡದ ಕೇಪಿನ ಮೇಲೆ ಬಡಿದ ಗುಳಿ ಇಲ್ಲದಿದ್ದರೆ, ಅಥವಾ ಬಾಯಿಯಲ್ಲಿ ಗುಂಡು ಕುಳಿತಿದ್ದರೆ, ಅದನ್ನು ಉಜ್ಜುವುದಾಗಲಿ ಕಾಯಿಸುವುದಾಗಲಿ ಹುಳಿಗೆ ಹಾಕುವುದಾಗಲಿ ಮಾಡದೆ ಇದ್ದಲ್ಲಿಯೇ ಬಿಟ್ಟು ಪೊಲೀಸರಿಗೆ ತಿಳಿಸಬೇಕು.

ವಿಗ್ರಹಗಳು ಮತ್ತು ಹಳೆಯ ವಸ್ತುಗಳು

ಪುರಾತನ ವಸ್ತುಗಳ ವಿಷಯದಲ್ಲಿ ತೊಳೆಯದಿರುವುದೇ ಮೊದಲ ನಿಯಮ. ಹಳೆಯ ಲೋಹದ ಮೇಲಿನ ಗಟ್ಟಿಯಾದ ಕಂದು ಅಥವಾ ಹಸಿರು ಪದರವು ಅದರ ವಯಸ್ಸಿಗೆ ಸಾಕ್ಷಿ, ರಕ್ಷಣೆ ಕೂಡ. ಅದನ್ನು ಹುಣಸೆಯಿಂದ ಕರಗಿಸಿದರೆ ನಾಣ್ಯದ ಅಕ್ಷರ, ತಟ್ಟೆಯ ಅಂಚಿನ ಬರಹ, ಪ್ರಭಾವಳಿಯ ಸೂಕ್ಷ್ಮ ಗೆರೆಗಳು ಮಂಕಾಗುತ್ತವೆ. ಸಂಗ್ರಾಹಕರ ದೃಷ್ಟಿಯಲ್ಲಿ ಬೆಲೆಯೂ ಇಳಿಯುತ್ತದೆ. ದೇವಾಲಯಗಳ ಉತ್ಸವಮೂರ್ತಿಗಳಲ್ಲಿ ಕಣ್ಣು, ಮೂಗು, ಬೆರಳುಗಳು ಸವೆದು ನುಣುಪಾಗಿರುವುದನ್ನು ಕಾಣುತ್ತೇವೆ. ಅದು ಕಾಲ ಸವೆಸಿದ್ದಲ್ಲ, ತಲೆಮಾರುಗಳಿಂದ ಪುಡಿ ಹಾಕಿ ತಿಕ್ಕಿದ ಕೈಗಳು ಸವೆಸಿದ್ದು. ನಿತ್ಯ ಅಭಿಷೇಕವಿರುವ ಮೂರ್ತಿಗೆ ಹಾಲು, ಮೊಸರು, ಜೇನಿನ ಅಂಶ ಉಳಿಯದಂತೆ ಶುದ್ಧನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿದರೆ ಕಪ್ಪು ಕಟ್ಟುವುದು ತಾನಾಗಿಯೇ ಕಡಿಮೆಯಾಗುತ್ತದೆ. ಕಪ್ಪು ಕಟ್ಟಿದ್ದರೆ ತೆಳುವಾದ ಹುಣಸೆರಸವನ್ನು ಬಟ್ಟೆಗೆ ಹಚ್ಚಿ ಸವರಿ, ಉಪ್ಪಾಗಲಿ ಪುಡಿಯಾಗಲಿ ಇಲ್ಲದೆ, ಒಂದೆರಡು ನಿಮಿಷದೊಳಗೆ ತೊಳೆಯಬೇಕು.

ಮಡಿಕೆಗಳಲ್ಲಿ ಹಸಿರು ಪುಡಿ ಉದುರುತ್ತಿದ್ದರೆ, ಒರೆಸಿದಷ್ಟೂ ಮರಳಿ ಬರುತ್ತಿದ್ದರೆ, ಲೋಹದೊಳಗೆ ಕ್ಲೋರೈಡ್ ಸೇರಿ ಒಳಗಿಂದ ತಿನ್ನುತ್ತಿದೆಯೆಂದು ತಿಳಿಯಬೇಕು. ಅದಕ್ಕೆ ಮನೆಯ ಮದ್ದಿಲ್ಲ. ವಸ್ತುವನ್ನು ಒಣಜಾಗದಲ್ಲಿ, ಬೇರೆ ಲೋಹಗಳಿಂದ ದೂರವಿಟ್ಟು, ವಸ್ತುಸಂಗ್ರಹಾಲಯದ ಸಂರಕ್ಷಣಾ ತಜ್ಞರಿಗೆ ತೋರಿಸುವುದು ಸೂಕ್ತ.